ಮಡಿಲಲ್ಲಿ ಮಗು, ಬಾಗಿಲಲ್ಲಿ ಮಾರುವವರು: ‘ಬೇಡ’ ಎನ್ನುವುದೂ ಸಮ್ಮಾ ವಾಚಾ



*ಇಂದಿನ ಧಮ್ಮ ಚಿಂತನೆ*
ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಧಮ್ಮ ಬಂಧುಗಳಿಗೆ

ಬಂಧುಗಳೇ,

ವಂದನೆಗೆ ಕುಳಿತಾಗಲೆಲ್ಲ ನಾವು ಪಂಚಶೀಲ ಹೇಳುತ್ತೇವೆ. ನಾಲ್ಕನೆಯ ಶೀಲ ಸುಳ್ಳು ಹೇಳದಿರುವುದು. ನಮ್ಮ ಬಾಯಿಂದ ಸುಳ್ಳು ಬಾರದಂತೆ ನೋಡಿಕೊಳ್ಳಬೇಕು ಎಂಬುದು ಎಲ್ಲರಿಗೂ ಗೊತ್ತು. ಆದರೆ ಬೇರೆಯವರು ಮನೆ ಬಾಗಿಲಿಗೆ ಬಂದು ಅರ್ಧ ಸತ್ಯ, ಅರ್ಧ ಸುಳ್ಳು ಬೆರೆಸಿ ಒತ್ತಾಯ ಮಾಡಿದರೆ ಏನು ಮಾಡಬೇಕು? ಆಗ ನಮ್ಮ ಮಾತು ಹೇಗಿರಬೇಕು? ಈ ಪ್ರಶ್ನೆ ನಮ್ಮ ಬಳಗದ ತಾಯಂದಿರದು. ಚಿಕ್ಕ ಮಕ್ಕಳನ್ನು ನೋಡಿಕೊಂಡು ಹಗಲೆಲ್ಲ ಮನೆಯಲ್ಲೇ ಇರುವ ತಾಯಂದಿರದು. ಇವತ್ತು ಇದನ್ನೇ ಅಧ್ಯಯನ ಮಾಡೋಣ.

*1. ಕಷ್ಟ ಏನು?*

ಗಂಡ ಅಡಿಕೆ ಕೊಯ್ಲಿಗೋ ಕಾಫಿ ತೋಟದ ಕೆಲಸಕ್ಕೋ ಬೆಂಗಳೂರಿಗೋ ಹೋಗಿರುತ್ತಾನೆ. ಮನೆಯಲ್ಲಿ ತಾಯಿ, ಎರಡು ವರ್ಷದ ಮಗು, ತೊಟ್ಟಿಲಲ್ಲಿ ಇನ್ನೊಂದು. ಮಗು ಆಗತಾನೆ ನಿದ್ದೆಗೆ ಜಾರಿರುತ್ತದೆ. ಆಗಲೇ ಬಾಗಿಲು ಬಡಿಯುತ್ತಾರೆ. ಕುತ್ತಿಗೆಯಲ್ಲಿ ಒಂದು ಕಾರ್ಡ್, ಹೆಗಲಲ್ಲಿ ಒಂದು ಬ್ಯಾಗ್. “ಅಕ್ಕ, ಗ್ಯಾಸ್ ಚೆಕಿಂಗ್. ಪೈಪ್ ಬದಲಾಯಿಸ್ಲೇಬೇಕು, ಇಲ್ಲಾಂದ್ರೆ ಮುಂದಿನ ತಿಂಗಳು ಸಿಲಿಂಡರ್ ಬರಲ್ಲ” ಎನ್ನುತ್ತಾರೆ. ಇನ್ನೊಂದು ದಿನ ಕರೆಂಟ್ ಬಿಲ್ ಅರ್ಧಕ್ಕೆ ಇಳಿಸುವ ಪೆಟ್ಟಿಗೆ ಮಾರುವವರು ಬರುತ್ತಾರೆ. ಮತ್ತೊಂದು ದಿನ ಸೋಲಾರ್‌ನವರ ಫೋನು, ಬೆಳಿಗ್ಗೆ ಒಂದು, ಮಧ್ಯಾಹ್ನ ಎರಡು. ರಾತ್ರಿ ಮೊಬೈಲಿಗೆ ಒಂದು ಮೆಸೇಜು: ನಿಮ್ಮ ಬಿಲ್ ಅಪ್‌ಡೇಟ್ ಆಗಿಲ್ಲ, ಇವತ್ತು ರಾತ್ರಿಯೇ ಕರೆಂಟ್ ಕಟ್ ಆಗುತ್ತದೆ, ಈ ನಂಬರಿಗೆ ಫೋನ್ ಮಾಡಿ.

ಅಡುಗೆಗೆ ಗ್ಯಾಸ್ ಬೇಕೇ ಬೇಕು. ಮಗುವಿನ ಹಾಲು ಕಾಯಿಸಬೇಕು, ರಾತ್ರಿ ಫ್ಯಾನ್ ತಿರುಗಬೇಕು. ಈ ಎರಡನ್ನು ಹಿಡಿದು ಹೆದರಿಸಿದರೆ ತಾಯಿ ಬೇಗ ಒಪ್ಪುತ್ತಾಳೆ ಎಂಬುದು ಮಾರುವವರಿಗೆ ಗೊತ್ತು. ಕೈಯಲ್ಲಿ ಅಳುವ ಮಗು ಇದ್ದರೆ ಇನ್ನೂ ಬೇಗ ಒಪ್ಪುತ್ತಾಳೆ, ಏಕೆಂದರೆ ಹಣ ಕೊಟ್ಟು ಕಳಿಸಿದರೆ ಸಾಕು ಎನಿಸುತ್ತದೆ.

ಅವರು ಹೋದ ಮೇಲೆ ಏನಾಗುತ್ತದೆ ನೋಡಿ. ಬಾಗಿಲಲ್ಲಿ ಹುಟ್ಟಿದ ಸಿಟ್ಟು ಬಾಗಿಲಲ್ಲೇ ಉಳಿಯುವುದಿಲ್ಲ, ಮನೆಯೊಳಗೆ ಬರುತ್ತದೆ. ಹಾಲು ಚೆಲ್ಲಿದ ಮಗುವಿನ ಬೆನ್ನ ಮೇಲೆ ಬೀಳುತ್ತದೆ. ಮಾರುವವರು ಮುಂದಿನ ಬೀದಿ ತಲುಪಿರುತ್ತಾರೆ, ಏಟು ತಿಂದ ಮಗುವಿಗೆ ಯಾಕೆ ಎಂದೇ ಗೊತ್ತಿರುವುದಿಲ್ಲ. ಒಂದು ಪೈಪಿನ ದುಡ್ಡು ಹೋದರೆ ಮತ್ತೆ ದುಡಿಯಬಹುದು. ಮಗುವಿನ ಮನಸ್ಸಿಗೆ ಆದ ನೋವು ಅಷ್ಟು ಬೇಗ ಹೋಗುವುದಿಲ್ಲ. ಆದ್ದರಿಂದ ಇದನ್ನು ಸಣ್ಣ ವಿಷಯ ಎಂದು ಬಿಡಬಾರದು.

*2. ಭಗವಾನರ ಎದುರು ಕುಳಿತಿದ್ದ ಒಂದು ಮಗು*

ಮಜ್ಝಿಮ ನಿಕಾಯದಲ್ಲಿ ಅಭಯರಾಜಕುಮಾರ ಸುತ್ತ ಇದೆ. ರಾಜಗೃಹದ ರಾಜಕುಮಾರ ಅಭಯನಿಗೆ ಒಬ್ಬರು ಒಂದು ಪ್ರಶ್ನೆ ಹೇಳಿಕೊಟ್ಟು ಕಳಿಸಿದ್ದರು. ಬೇರೆಯವರಿಗೆ ಹಿಡಿಸದ ಮಾತನ್ನು ಬುದ್ಧರು ಆಡುತ್ತಾರೆಯೇ ಎಂಬುದು ಆ ಪ್ರಶ್ನೆ. ಹೌದು ಎಂದರೂ ಸಿಕ್ಕಿಬೀಳಬೇಕು, ಇಲ್ಲ ಎಂದರೂ ಸಿಕ್ಕಿಬೀಳಬೇಕು, ಹಾಗೆ ಹೆಣೆದದ್ದು.

ಅಭಯ ಆ ಪ್ರಶ್ನೆ ಕೇಳಿದಾಗ ಅವನ ಮಡಿಲಲ್ಲಿ ಒಂದು ಎಳೆಯ ಮಗು ಇತ್ತು. ಭಗವಾನರು ಆ ಮಗುವನ್ನೇ ತೋರಿಸಿ ತಿರುಗಿ ಕೇಳಿದರು: ನೀನು ಗಮನಿಸದೆ ಇದ್ದಾಗ ಈ ಮಗು ಕಡ್ಡಿಯನ್ನೋ ಕಲ್ಲನ್ನೋ ಬಾಯಿಗೆ ಹಾಕಿಕೊಂಡರೆ ಏನು ಮಾಡುವೆ? ಅಭಯ ಹೇಳಿದ: ತೆಗೆಯುತ್ತೇನೆ. ಸುಲಭವಾಗಿ ಬಾರದಿದ್ದರೆ ಒಂದು ಕೈಯಲ್ಲಿ ತಲೆ ಹಿಡಿದು ಇನ್ನೊಂದು ಕೈಯ ಬೆರಳು ಹಾಕಿ, ಸ್ವಲ್ಪ ರಕ್ತ ಬಂದರೂ ಸರಿ, ತೆಗೆದೇ ತೆಗೆಯುತ್ತೇನೆ. ಏಕೆಂದರೆ ಮಗುವಿನ ಮೇಲೆ ನನಗೆ ಕರುಣೆ ಇದೆ.

ಆಗ ಭಗವಾನರು ಮಾತಿನ ಲೆಕ್ಕವನ್ನು ಬಿಡಿಸಿ ಹೇಳಿದರು. ಸತ್ಯವಲ್ಲದ, ಹಿತವಲ್ಲದ ಮಾತನ್ನು ತಥಾಗತರು ಆಡುವುದಿಲ್ಲ, ಅದು ಕೇಳುವವರಿಗೆ ಎಷ್ಟೇ ಇಷ್ಟವಾದರೂ. ಸತ್ಯವಿದ್ದೂ ಹಿತವಿಲ್ಲದ ಮಾತನ್ನೂ ಆಡುವುದಿಲ್ಲ. ಸತ್ಯವೂ ಹಿತವೂ ಆದ ಮಾತು ಕೇಳುವವರಿಗೆ ಹಿಡಿಸದೆ ಹೋದರೂ, ತಕ್ಕ ಸಮಯ ತಿಳಿದು ಆಡುತ್ತಾರೆ. ಹಿಡಿಸುವ ಮಾತಾದರೂ ಸಮಯ ನೋಡಿಯೇ ಆಡುತ್ತಾರೆ.

ಇದರಿಂದ ನಮಗೆ ಮೂರು ಪ್ರಶ್ನೆ ಸಿಗುತ್ತವೆ.

✅ ಇದು ಸತ್ಯವೇ?
✅ ಇದು ನಮಗೆ ಹಿತವೇ?
✅ ಇದಕ್ಕೆ ಇದು ಸಮಯವೇ?

ಬಾಗಿಲಲ್ಲಿ ನಿಂತವರ ಮಾತನ್ನು ಈ ಮೂರರಿಂದ ಅಳೆಯಿರಿ. ನಮ್ಮ ಉತ್ತರವನ್ನೂ ಇದೇ ಮೂರರಿಂದ ಅಳೆಯಿರಿ. ಮೂರರಲ್ಲಿ ಒಂದಕ್ಕೆ ‘ಇಲ್ಲ’ ಎಂದು ಬಂದರೂ ಆ ಹೊತ್ತಿನ ಉತ್ತರ ‘ಬೇಡ’. ಆ ‘ಬೇಡ’ ಅವರಿಗೆ ಹಿಡಿಸದಿರಬಹುದು. ಮಗುವಿನ ಬಾಯಿಂದ ಕಲ್ಲು ತೆಗೆಯುವ ಬೆರಳಿನ ಹಾಗೆ, ಅದು ಕರುಣೆಯಿಂದಲೇ ಬಂದ ಮಾತು.

*3. ಮಾರುವವರ ಐದು ಉಪಾಯ*

ಅದೇ ನಿಕಾಯದ ಮಹಾಚತ್ತಾರೀಸಕ ಸುತ್ತದಲ್ಲಿ ಮಿಚ್ಛಾ ಆಜೀವ, ಅಂದರೆ ತಪ್ಪು ಜೀವನೋಪಾಯದ ಐದು ಗುರುತುಗಳಿವೆ. ಎರಡೂವರೆ ಸಾವಿರ ವರ್ಷದ ಹಿಂದಿನ ಪಟ್ಟಿ. ಇವತ್ತು ನಮ್ಮ ಬಾಗಿಲಿಗೆ ಬರುವವರನ್ನು ನೋಡಿ ಬರೆದ ಹಾಗಿದೆ.

▪️ *ಕುಹನಾ*: ವೇಷ, ನಟನೆ. ಯಾವುದೋ ಕಂಪನಿಯ ಕಾರ್ಡ್ ತೂಗುಹಾಕಿಕೊಂಡು “ಇಲಾಖೆಯಿಂದ ಬಂದಿದೀವಿ” ಎನ್ನುವುದು.
▪️ *ಲಪನಾ*: ಬಿಡದೆ ಮಾತಾಡುವುದು. ಅಕ್ಕ, ಅಮ್ಮ ಎಂದು ಸವಿ ಮಾತಿನಲ್ಲೇ ಯೋಚಿಸಲು ಸಮಯ ಕೊಡದಿರುವುದು.
▪️ *ನೇಮಿತ್ತಿಕತಾ*: ನೇರವಾಗಿ ಹೇಳದೆ ಸೂಚಿಸುವುದು. “ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಮ್ಮನ್ನ ಕೇಳ್ಬೇಡಿ.”
▪️ *ನಿಪ್ಪೇಸಿಕತಾ*: ಎದುರಿಗಿರುವವರನ್ನು ಕುಗ್ಗಿಸುವುದು. “ಪಕ್ಕದ ಮನೆಯೋರೆಲ್ಲ ತಗಂಡ್ರು. ನಿಮಗೆ ಮಕ್ಕಳ ಮೇಲೆ ಆಸೆ ಇಲ್ವಾ?”
▪️ *ಲಾಭೇನ ಲಾಭಂ ನಿಜಿಗೀಸನತಾ*: ಸಣ್ಣದು ಕೊಟ್ಟು ದೊಡ್ಡದು ಎಳೆಯುವುದು. ಚೆಕಿಂಗ್ ಉಚಿತ, ಆಮೇಲೆ ಸಾಮಾನಿಗೆ ಸಾವಿರಾರು ರೂಪಾಯಿ.

ಈ ಹೆಸರುಗಳನ್ನು ಕಲಿತರೆ ಒಂದು ಪ್ರಯೋಜನವಿದೆ. ಉಪಾಯವನ್ನು ಗುರುತಿಸಿದ ಕ್ಷಣ ಅದರ ಹಿಡಿತ ಸಡಿಲವಾಗುತ್ತದೆ. “ಓ, ಇದು ನಿಪ್ಪೇಸಿಕತಾ” ಎಂದು ಮನಸ್ಸಿನಲ್ಲೇ ಅಂದುಕೊಂಡರೆ ಸಿಟ್ಟು ಬರುವ ಮೊದಲೇ ಅರ್ಧ ಇಳಿದಿರುತ್ತದೆ. ಇದೂ ಸತಿಯ ಅಭ್ಯಾಸವೇ.

*4. ಸತ್ಯ ಯಾವುದು? ತಿಳಿದಿರಲಿ*

ಪ್ರಜ್ಞೆ ಇಲ್ಲದ ಶೀಲ ಸುಲಭವಾಗಿ ಮೋಸ ಹೋಗುತ್ತದೆ. ಆದ್ದರಿಂದ ಕೆಲವು ನಿಯಮಗಳನ್ನು ತಿಳಿದಿರೋಣ. ಇದನ್ನು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡರೂ ಒಳ್ಳೆಯದು.

*ಗ್ಯಾಸ್:* ಹೊಸ ಸಂಪರ್ಕ ಪಡೆಯುವಾಗ ಒಲೆಯನ್ನು ಅದೇ ಏಜೆನ್ಸಿಯಲ್ಲಿ ಕೊಳ್ಳಬೇಕೆಂಬ ನಿಯಮ ಇಲ್ಲ. ಐಎಸ್‌ಐ ಗುರುತಿನ ಒಲೆ ಎಲ್ಲಿ ಕೊಂಡರೂ ಆಗುತ್ತದೆ. ಇ-ಕೆವೈಸಿಗೆ ಶುಲ್ಕ ಇಲ್ಲ, ಅದರ ಜೊತೆ ಪೈಪನ್ನೋ ಲೈಟರನ್ನೋ ಕೊಳ್ಳಲೇಬೇಕು ಎಂದರೆ ಒಪ್ಪಬೇಕಿಲ್ಲ. ಮನೆಗೆ ಬಂದ 14.2 ಕೆಜಿ ಸಿಲಿಂಡರಿನ ತೂಕ ಮತ್ತು ಸೋರಿಕೆ ನೋಡಿಕೊಡಿ ಎಂದು ಕೇಳುವುದು ನಮ್ಮ ಹಕ್ಕು.

ಇಲ್ಲಿ ಒಂದು ಎಚ್ಚರ ಬೇಕು. ಒತ್ತಾಯ ಮಾಡುವವರು ಹೇಳಿದ್ದೆಲ್ಲ ಸುಳ್ಳು ಎಂದುಕೊಳ್ಳಬಾರದು. ಗ್ಯಾಸ್ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು ಎಂಬುದು ನಿಜ, ಮಕ್ಕಳಿರುವ ಮನೆಯಲ್ಲಿ ಇನ್ನೂ ನಿಜ. ಪೈಪಿನ ಮೇಲೇ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಇವತ್ತೇ ನೋಡಿಕೊಳ್ಳಿ. ಅವಧಿ ಮುಗಿದಿದ್ದರೆ ಬದಲಾಯಿಸಿ. ಆದರೆ ನಿಮ್ಮ ಸಮಯಕ್ಕೆ, ನಿಮ್ಮ ಏಜೆನ್ಸಿಯಲ್ಲಿ, ರಸೀದಿ ಪಡೆದು. ಮೂರು ಪ್ರಶ್ನೆಯ ಪ್ರಕಾರ ಪೈಪಿನ ಮಾತು ಸತ್ಯವೂ ಹೌದು, ಹಿತವೂ ಹೌದು. ಅಪರಿಚಿತನೊಬ್ಬ ಬಾಗಿಲಲ್ಲಿ ನಿಂತು ಅವಸರ ಮಾಡುವ ಹೊತ್ತು ಮಾತ್ರ ಅದಕ್ಕೆ ಸಮಯವಲ್ಲ. ಗ್ಯಾಸ್ ಸೋರಿಕೆಯ ವಾಸನೆ ಬಂದರೆ ಮಾತ್ರ ತಡ ಮಾಡಬೇಡಿ. ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ಬಾಗಿಲು ತೆರೆದು, ಸ್ವಿಚ್ ಮುಟ್ಟದೆ ಮಕ್ಕಳನ್ನು ಕರೆದುಕೊಂಡು ಹೊರಗೆ ಬನ್ನಿ. ಅಲ್ಲಿಂದ 1906ಕ್ಕೆ ಫೋನ್ ಮಾಡಿ.

*ಕರೆಂಟ್:* ಬಿಲ್ ಬಾಕಿ ಇದ್ದರೂ ರಾತ್ರೋರಾತ್ರಿ ಕಟ್ ಮಾಡುವಂತಿಲ್ಲ. 2003ರ ವಿದ್ಯುತ್ ಕಾಯ್ದೆಯ 56ನೇ ಕಲಂ ಪ್ರಕಾರ ಕನಿಷ್ಠ 15 ದಿನ ಮೊದಲು ಬರಹದಲ್ಲಿ ನೋಟಿಸ್ ಕೊಡಬೇಕು. ಆದ್ದರಿಂದ “ಇವತ್ತು ರಾತ್ರಿಯೇ ಕಟ್” ಎಂದು ಖಾಸಗಿ ನಂಬರಿಗೆ ಫೋನ್ ಮಾಡಿಸುವ ಮೆಸೇಜು ಮೋಸದ್ದು. ಆ ನಂಬರಿಗೆ ಫೋನ್ ಮಾಡಬೇಡಿ, ಲಿಂಕ್ ಒತ್ತಬೇಡಿ, ಒಟಿಪಿ ಹೇಳಬೇಡಿ. ನಮ್ಮ ಜಿಲ್ಲೆಗೆ ಕರೆಂಟ್ ಕೊಡುವುದು ಮೆಸ್ಕಾಂ. ಅನುಮಾನ ಬಂದರೆ 1912ಕ್ಕೆ ಕೇಳಿ. ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ದೂರು ಕೊಡಿ. ನಾಚಿಕೆಯಿಂದ ತಡ ಮಾಡಿದಷ್ಟೂ ನಷ್ಟ.

*ಬಿಲ್ ಇಳಿಸುವ ಪೆಟ್ಟಿಗೆ:* ಪ್ಲಗ್ಗಿಗೆ ಸಿಕ್ಕಿಸಿದರೆ ಬಿಲ್ ಅರ್ಧವಾಗುತ್ತದೆ ಎನ್ನುವ ಪೆಟ್ಟಿಗೆಯಿಂದ ಮನೆಯ ಬಿಲ್ ಇಳಿಯುವುದಿಲ್ಲ. ಮನೆ ಮೀಟರ್ ಎಣಿಸುವುದು ನಾವು ನಿಜವಾಗಿ ಉರಿಸಿದ ಯೂನಿಟ್ಟನ್ನು. ಪೆಟ್ಟಿಗೆ ಆ ಲೆಕ್ಕವನ್ನು ಬದಲಾಯಿಸಲಾರದು.

*ಸೋಲಾರ್:* ಸೋಲಾರ್ ಒಳ್ಳೆಯದೇ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30,000, 2ಕ್ಕೆ 60,000, 3 ಮತ್ತು ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ ಸಬ್ಸಿಡಿ ಇದೆ. ಉಳಿದ ಹಣ ನಮ್ಮದು ಅಥವಾ ಸಾಲದ್ದು. ಇನ್ನೊಂದು ಕಡೆ, 2023ರಿಂದ ಗೃಹಜ್ಯೋತಿ ಇದೆ. ತಿಂಗಳಿಗೆ 200 ಯೂನಿಟ್ ಒಳಗೆ ನಮಗೆ ನಿಗದಿಯಾದ ಮಿತಿಯಲ್ಲಿ ಉರಿಸಿದರೆ ಬಿಲ್ ಸೊನ್ನೆ. ಬಿಲ್ಲೇ ಬಾರದ ಮನೆಗೆ ಬಿಲ್ ಉಳಿಸುವ ಯಂತ್ರವನ್ನು ಕಂತಿನ ಸಾಲದಲ್ಲಿ ಯಾಕೆ ಹಾಕಬೇಕು ಎಂದು ಫೋನ್ ಮಾಡಿದವರನ್ನೇ ಕೇಳಿ. ಲೆಕ್ಕ ಬರೆದು ತೋರಿಸಲಿ. ಗೃಹಜ್ಯೋತಿ ಇಲ್ಲದ, ಹೆಚ್ಚು ಬಿಲ್ ಬರುವ, ಸ್ವಂತ ಆರ್‌ಸಿಸಿ ಮನೆಯವರಿಗೆ ಲೆಕ್ಕ ಬೇರೆ ಇರಬಹುದು. ಮನೆಯವರೆಲ್ಲ ಕೂತು ನಿರ್ಧರಿಸುವ ವಿಷಯ ಅದು. ಮಗುವಿಗೆ ಊಟ ಮಾಡಿಸುತ್ತಾ ಫೋನಿನಲ್ಲಿ ‘ಹೂಂ’ ಎನ್ನುವ ವಿಷಯವಲ್ಲ.

ಪದೇಪದೇ ಬರುವ ಜಾಹೀರಾತು ಫೋನು ನಿಲ್ಲಿಸಲು 1909ರಲ್ಲಿ ಡಿಎನ್‌ಡಿ ನೋಂದಾಯಿಸಬಹುದು. ಬಲವಂತದ ಮಾರಾಟದ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಒಂದು ಸಾಮಾನು ಬೇಕೆಂದರೆ ಇನ್ನೊಂದನ್ನೂ ಕೊಳ್ಳಲೇಬೇಕು ಎನ್ನುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಒಪ್ಪುವುದಿಲ್ಲ.

*5. ಬಾಬಾಸಾಹೇಬರು ಮತ್ತು ಕರೆಂಟು*

ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. ವಿದ್ಯುತ್ ವಿಷಯವೂ ಅವರ ಇಲಾಖೆಯಲ್ಲೇ ಇತ್ತು. 1943ರ ಅಕ್ಟೋಬರಿನಲ್ಲಿ ವಿದ್ಯುತ್ ನೀತಿಯ ಸಮಿತಿಯ ಸಭೆಯನ್ನು ಅವರೇ ನಡೆಸಿದರು. 1944ರಲ್ಲಿ ಕೇಂದ್ರ ತಾಂತ್ರಿಕ ವಿದ್ಯುತ್ ಮಂಡಳಿ ಬಂತು. ಕರೆಂಟು ಅಗ್ಗವಾಗಿ, ಹೇರಳವಾಗಿ ಸಿಗಬೇಕು, ಅದಿಲ್ಲದೆ ಕೈಗಾರಿಕೆ ಬೆಳೆಯದು, ಬಡತನ ಹೋಗದು ಎಂಬುದು ಅವರ ನಿಲುವು. ಕರೆಂಟು ಜನರ ಬದುಕನ್ನು ಹಗುರ ಮಾಡಬೇಕೆಂದು ಅವರು ಬಯಸಿದ್ದರು. ಅದೇ ಕರೆಂಟಿನ ಹೆಸರಿನಲ್ಲಿ ತಾಯಂದಿರನ್ನು ಹೆದರಿಸುವುದು ಆ ಆಶಯಕ್ಕೆ ತೀರಾ ಉಲ್ಟಾ.

ಇನ್ನೊಂದು ಮಾತು. ಭದ್ರಾ ಅಣೆಕಟ್ಟು ನಮ್ಮ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲೇ ಇದೆ, ಅಲ್ಲಿ ಕರೆಂಟೂ ತಯಾರಾಗುತ್ತದೆ. ಹಾಗಿದ್ದೂ ನಮ್ಮ ಹಿರಿಯರು ಚಿಮಣಿ ದೀಪದಲ್ಲಿ ಎಷ್ಟು ಕಾಲ ಕಳೆದರು, ಭಾಗ್ಯಜ್ಯೋತಿಯ ಒಂದೇ ಬಲ್ಬು ಬಂದ ದಿನ ಎಷ್ಟು ಸಂತೋಷಪಟ್ಟರು ಎಂದು ಅವರನ್ನೇ ಕೇಳಿ. ಬ್ಯಾಗು, ಕಾರ್ಡು, ಪೆನ್ನು ಹಿಡಿದು ಬಂದವರೆಲ್ಲ ಅಧಿಕಾರಿಗಳು, ಅವರು ಹೇಳಿದ ಕಡೆ ಹೆಬ್ಬೆಟ್ಟು ಒತ್ತಬೇಕು ಎಂಬ ಹೆದರಿಕೆ ಆ ಕಾಲದಿಂದ ನಮ್ಮ ಮನೆಗಳಲ್ಲಿ ಉಳಿದಿದೆ. ಎದುರು ಮಾತಾಡಿದರೆ ಸಿಗುವುದೂ ತಪ್ಪೀತು ಎಂಬ ಹೆದರಿಕೆ ಅದು.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಅಷ್ಟಾಂಗ ಮಾರ್ಗವನ್ನು ಅನುಸರಿಸುವುದೂ ಇದೆ, ಎಲ್ಲ ಮನುಷ್ಯರು ಸಮಾನರು ಎಂಬುದೂ ಇದೆ. ಸಮಾನರು ಎಂದರೆ ಬಾಗಿಲಲ್ಲಿ ನಿಂತವರು ನಮಗಿಂತ ಮೇಲಲ್ಲ, ಕೆಳಗೂ ಅಲ್ಲ. ಕೈಮುಗಿದು ಬೇಡಿಕೊಳ್ಳುವುದೂ ಬೇಕಿಲ್ಲ, ಬೈದು ಅಟ್ಟುವುದೂ ಬೇಕಿಲ್ಲ. ಸಮಾನ ಮನುಷ್ಯರೊಂದಿಗೆ ಮಾತಾಡುವ ಹಾಗೆ ಮಾತಾಡಿದರೆ ಸಾಕು. ಸೊಂಟದ ಮೇಲಿರುವ ಮಗು ಅದನ್ನೆಲ್ಲ ನೋಡುತ್ತಿರುತ್ತದೆ. ಅಮ್ಮ ಹೆದರುತ್ತಾಳೋ, ಕಿರುಚುತ್ತಾಳೋ, ನೆಟ್ಟಗೆ ನಿಂತು ಮಾತಾಡುತ್ತಾಳೋ ಎಂಬುದನ್ನು ಅದು ಕಲಿಯುತ್ತದೆ. ಸ್ವಾಭಿಮಾನದ ಮೊದಲ ಪಾಠ ಮಗುವಿಗೆ ಸಿಗುವುದು ಹೊಸ್ತಿಲಲ್ಲೇ.

*6. ಸಿಟ್ಟನ್ನು ಏನು ಮಾಡುವುದು?*

ಸಂಯುತ್ತ ನಿಕಾಯದ ಅಕ್ಕೋಸ ಸುತ್ತ ನಿಮಗೆ ನೆನಪಿರಬಹುದು. ಭಾರದ್ವಾಜನೆಂಬ ಬ್ರಾಹ್ಮಣ ಬಂದು ಭಗವಾನರನ್ನು ಬಾಯಿಗೆ ಬಂದ ಹಾಗೆ ಬೈದ. ಅವರು ಕೇಳಿದರು: ನಿನ್ನ ಮನೆಗೆ ನೆಂಟರು ಬರುತ್ತಾರೆಯೇ? ನೀನು ಬಡಿಸಿದ್ದನ್ನು ಅವರು ತೆಗೆದುಕೊಳ್ಳದಿದ್ದರೆ ಅದು ಯಾರದು? ನನ್ನದೇ, ಎಂದ ಅವನು. ಹಾಗೆಯೇ ನಿನ್ನ ಬೈಗುಳವನ್ನು ನಾವು ತೆಗೆದುಕೊಳ್ಳುವುದಿಲ್ಲ, ಅದು ನಿನ್ನ ಬಳಿಯೇ ಇರುತ್ತದೆ ಎಂಬುದು ಅವರ ಉತ್ತರ.

ಮಾರುವವರು ತಂದದ್ದು ಎರಡು. ಒಂದು ಸಾಮಾನು, ಇನ್ನೊಂದು ಅವಸರ. ಸಾಮಾನನ್ನು ಬೇಡ ಎಂದು ಅವಸರವನ್ನು ಒಳಗೆ ಇಟ್ಟುಕೊಂಡರೆ ಪ್ರಯೋಜನವಿಲ್ಲ. ಎರಡನ್ನೂ ಹಿಂದಕ್ಕೆ ಕಳಿಸಬೇಕು. ಅದಕ್ಕೆ ಒಂದು ಸರಳ ಅಭ್ಯಾಸ:

👉 ಬಾಗಿಲು ಪೂರ್ತಿ ತೆರೆಯಬೇಡಿ. ಒಳಗೆ ಕರೆಯಬೇಡಿ.
👉 ಒಂದು ಉಸಿರು ನಿಧಾನವಾಗಿ ತೆಗೆದುಕೊಂಡು ಬಿಡಿ. ಆಮೇಲೆ ಮಾತು.
👉 ಒಂದೇ ಮಾತು ಹೇಳಿ: “ಬ್ಯಾಡ ಕಣಪ್ಪ. ಮಗು ಐತೆ, ಈಗ ಆಗಲ್ಲ. ಚೀಟಿ ಬರ್ದು ಕೊಟ್ಟೋಗು, ನಾವೇ ಆಫೀಸ್ಗೆ ಫೋನ್ ಮಾಡಿ ಕೇಳ್ಕಂತೀವಿ.”
👉 ಕಾರಣ ಕೊಡುತ್ತಾ ಹೋಗಬೇಡಿ. ಒಂದು ಕಾರಣ ಕೊಟ್ಟರೆ ಅದಕ್ಕೊಂದು ಉತ್ತರ ಅವರ ಬ್ಯಾಗಿನಲ್ಲಿ ಇರುತ್ತದೆ. ಅದೇ ಮಾತನ್ನು ಇನ್ನೊಮ್ಮೆ ಹೇಳಿ ಬಾಗಿಲು ಹಾಕಿ.
👉 ಒಳಗೆ ಬಂದ ಮೇಲೆ ಮಗುವನ್ನು ಎತ್ತಿಕೊಂಡು ಎರಡು ನಿಮಿಷ ಸುಮ್ಮನೆ ಕೂರಿ. ಒಲೆ, ಪಾತ್ರೆ ಕಾಯುತ್ತವೆ.

“ಅವರು ಮನೇಲಿಲ್ಲ, ಅವರನ್ನ ಕೇಳ್ಬೇಕು” ಎಂದು ಹೇಳಿ ತಪ್ಪಿಸಿಕೊಳ್ಳುವುದು ನಮ್ಮಲ್ಲಿ ರೂಢಿ. ಗಂಡ ಒಳಗೆ ಇದ್ದರೆ ಅದು ಸುಳ್ಳು, ಶೀಲ ಮುರಿಯುತ್ತದೆ. ಇಲ್ಲದಿದ್ದರೆ, ಮನೆಯಲ್ಲಿ ಒಬ್ಬಳೇ ಇದ್ದೇನೆ ಎಂದು ಅಪರಿಚಿತರಿಗೆ ಹೇಳಿದಂತಾಗುತ್ತದೆ. ‘ನನಗೆ ಬೇಡ’ ಎಂಬ ಮಾತಿನಲ್ಲಿ ಈ ಎರಡು ತೊಂದರೆಯೂ ಇಲ್ಲ.

*7. ಮನೆಯ ಗಂಡಸರಿಗೆ*

ಸಿಗಾಲೋವಾದ ಸುತ್ತದಲ್ಲಿ ಗಂಡ ಹೆಂಡತಿಗೆ ಸಲ್ಲಿಸಬೇಕಾದ ಐದು ಕರ್ತವ್ಯಗಳಿವೆ. ಅವಳನ್ನು ಅವಮಾನಿಸದಿರುವುದು ಅದರಲ್ಲಿ ಒಂದು, ಮನೆಯ ಅಧಿಕಾರವನ್ನು ಅವಳಿಗೆ ಬಿಟ್ಟುಕೊಡುವುದು ಇನ್ನೊಂದು. ಅವಳು ಬೇಡ ಎಂದು ಕಳಿಸಿದ್ದಕ್ಕೆ “ನಿನಗೇನು ಗೊತ್ತು” ಎನ್ನಬೇಡಿ. ಒತ್ತಾಯಕ್ಕೆ ಸಿಕ್ಕಿ ಏನಾದರೂ ಕೊಂಡಿದ್ದರೆ ಸಂಜೆ ಬಂದು ರೇಗಬೇಡಿ. ಹಗಲು ಬಾಗಿಲಲ್ಲಿ ಒಬ್ಬರು ಅವಳನ್ನು ಕುಗ್ಗಿಸಿರುತ್ತಾರೆ, ಸಂಜೆ ಮನೆಯೊಳಗೆ ಇನ್ನೊಬ್ಬರು ಕುಗ್ಗಿಸಿದರೆ ಅವಳು ಎಲ್ಲಿಗೆ ಹೋಗಬೇಕು? ರಸೀದಿ ತೆಗೆದುಕೊಂಡು ಏಜೆನ್ಸಿಗೆ ನೀವು ಹೋಗಿ, ದೂರಿನ ಫೋನು ನೀವು ಮಾಡಿ. ಗ್ಯಾಸ್ ಪುಸ್ತಕ, ಬಿಲ್ಲು ಎಲ್ಲಿವೆ ಎಂದು ಇಬ್ಬರಿಗೂ ಗೊತ್ತಿರಲಿ.

*8. ಮಾರುವ ಕೆಲಸ ಮಾಡುವ ನಮ್ಮ ಮಕ್ಕಳಿಗೆ*

ಬಾಗಿಲಿಗೆ ಬರುವವರು ಬೇರೆ ಲೋಕದವರಲ್ಲ. ಡಿಗ್ರಿ ಮುಗಿಸಿ ಕೆಲಸ ಸಿಗದೆ ಕಮಿಷನ್ನಿಗೆ ದುಡಿಯುವ ಹುಡುಗರು ನಮ್ಮ ಕೇರಿಗಳಲ್ಲೂ ಇದ್ದಾರೆ. ಬಿಸಿಲಲ್ಲಿ ಬೀರೂರಿನಿಂದ ಅಜ್ಜಂಪುರದವರೆಗೆ ಬೈಕಿನಲ್ಲಿ ಸುತ್ತಿ, ಟಾರ್ಗೆಟ್ ಮುಟ್ಟದಿದ್ದರೆ ಬೈಸಿಕೊಂಡು ಮನೆಗೆ ಬರುತ್ತಾರೆ. ಅವರಿಗೆ ನಮ್ಮ ಮಾತು ಇಷ್ಟೇ. ಮಾರುವುದು ತಪ್ಪಲ್ಲ. ಮೇಲಿನ ಐದು ಉಪಾಯ ಬಿಟ್ಟು ಮಾರಿ. ಒಳ್ಳೆಯ ಪೈಪನ್ನು ಒಳ್ಳೆಯ ಪೈಪು ಎಂದೇ ಹೇಳಿ, ಬೆಲೆ ಹೇಳಿ, ರಸೀದಿ ಕೊಡಿ. ಬೇಡ ಎಂದರೆ “ಆಯ್ತಕ್ಕ” ಎಂದು ಹೊರಡಿ. ಮಗು ಅಳುವ ಮನೆಯಲ್ಲಿ ಎರಡನೇ ಸಲ ಬಾಗಿಲು ಬಡಿಯಬೇಡಿ. ಇದೇ ಸಮ್ಮಾ ಆಜೀವ. ಸುಳ್ಳು ಹೇಳಿದರೆ ಮಾತ್ರ ನಡೆಯುವ ಕೆಲಸವಾದರೆ, ಬೇರೆ ದಾರಿ ಹುಡುಕಲು ಬಳಗದ ಹಿರಿಯರೊಂದಿಗೆ ಮಾತಾಡಿ. ಒಬ್ಬರೇ ಒದ್ದಾಡಬೇಡಿ.

ತಾಯಂದಿರೂ ಇದನ್ನು ನೆನಪಿಡಲಿ. ಬಿಸಿಲಲ್ಲಿ ಬಂದವರಿಗೆ ಒಂದು ಲೋಟ ನೀರು ಕೊಟ್ಟು ‘ಬೇಡ’ ಎನ್ನಬಹುದು. ನೀರು ಕೊಟ್ಟೆವೆಂದು ಸಾಮಾನು ಕೊಳ್ಳಬೇಕಿಲ್ಲ, ಕೊಳ್ಳುವುದಿಲ್ಲವೆಂದು ನೀರು ತಪ್ಪಿಸಬೇಕಿಲ್ಲ.

*ಇಂದಿನ ಸಂಕಲ್ಪ*

ಸತ್ಯವೇ, ಹಿತವೇ, ಸಮಯವೇ ಎಂದು ಕೇಳಿಕೊಳ್ಳದೆ ನಾನು ಯಾವುದಕ್ಕೂ ಹೂಂ ಎನ್ನುವುದಿಲ್ಲ. ಬೇಡವಾದುದನ್ನು ಮೈತ್ರಿಯಿಂದ ಬೇಡ ಎನ್ನುತ್ತೇನೆ. ಹೊರಗಿನವರ ಮೇಲಿನ ಸಿಟ್ಟನ್ನು ನನ್ನ ಮಗುವಿನ ಮೇಲೆ ತೀರಿಸುವುದಿಲ್ಲ.

*ಭಾನುವಾರದ ಚರ್ಚೆಗೆ*

1. ಐದು ಉಪಾಯಗಳಲ್ಲಿ ನಿಮ್ಮ ಮನೆ ಬಾಗಿಲಲ್ಲಿ ಹೆಚ್ಚು ಕಂಡದ್ದು ಯಾವುದು?
2. ನಾವೂ ಮಕ್ಕಳಿಗೆ ಊಟ ಮಾಡಿಸುವಾಗ, ಓದಿಸುವಾಗ ಇವುಗಳಲ್ಲಿ ಯಾವುದನ್ನಾದರೂ ಬಳಸುತ್ತೇವೆಯೇ?
3. ನಿಮ್ಮ ಗ್ಯಾಸ್ ಪೈಪಿನ ಮೇಲೆ ಯಾವ ವರ್ಷ ಅಚ್ಚಾಗಿದೆ? ನೋಡಿಕೊಂಡು ಬನ್ನಿ.

ಓದಲು ಬಾರದ ಅಜ್ಜಿ, ತಾಯಂದಿರಿಗೆ ಮಕ್ಕಳು ಇದನ್ನು ಗಟ್ಟಿಯಾಗಿ ಓದಿ ಹೇಳಲಿ. ನಿಮ್ಮ ಬೀದಿಯ ಗುಂಪಿಗೂ ಕಳಿಸಿ.

ಭವತು ಸಬ್ಬ ಮಂಗಲಂ
ಸಾಧು, ಸಾಧು, ಸಾಧು 🙏
ಜೈ ಭೀಮ್